ಕೊನೆಗೆ ಆರುವ ಜಾಗ

ಗಂಡ ಸತ್ತು ಹನ್ನೆರಡು ದಿನವಾದರೂ ಧಾಪು ಬಳೆ ಒಡೆಯಲಿಲ್ಲ.

ಮಕರಾನದ ಅಮೃತಶಿಲೆ ಗಣಿಗಳ ಹಿಂದೆ, ಕಲ್ಲಿನ ಹುಡಿ ಸುರಿದು ಸುರಿದು ಎದ್ದ ಬಿಳಿ ಗುಡ್ಡದ ಬುಡದಲ್ಲಿ, ಊರು ದೂರವಿಟ್ಟ ಮೇಘವಾಲರ ಕೇರಿ. ಅಲ್ಲಿ ಮದುವೆಯ ದಿನ ಹೆಣ್ಣಿಗೆ ಮಣಿಕಟ್ಟಿನಿಂದ ತೋಳಿನ ತನಕ ಬಿಳಿ ಬಳೆ ಏರಿಸುತ್ತಾರೆ. ಗಂಡ ಸತ್ತ ದಿನ ಕೇರಿಯ ವಿಧವೆಯರು ಬಂದು, ಅವಳ ಕೈಗಳನ್ನು ಕಲ್ಲಿನ ಮೇಲೆ ಇಡಿಸಿ ಅದೇ ಬಳೆ ಒಡೆಯುತ್ತಾರೆ. ಅವರು ಬಂದಿದ್ದರು. ಧಾಪು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಳು.

“ಎಲ್ಲಿ ಸತ್ರೋ ಅಲ್ಲಿ ಒಡ್ಕೋತೀನಿ,” ಅಂದಳು.

“ಮೈಲಿಗಲ್ಲಿನ ತಿರುವಲ್ಲಿ ಸತ್ತ. ನಡಿ, ಅಲ್ಲಿಗೇ ಹೋಗೋಣ.”

“ಅಲ್ಲಿ ಯಾವನೂ ಸತ್ತಿಲ್ಲ.”

ಹೆಂಗಸರು ಮುಖ ಮುಖ ನೋಡಿಕೊಂಡರು. ದುಃಖ ತಲೆಗೇರಿದೆ ಅಂದರು. ನಾಲ್ಕು ದಿನ ಕಳೆದ ಮೇಲೆ ಅದೇ ಬಾಯಿಗಳು ಬೇರೆ ಮಾತಾಡಿದವು. ಗಂಡನ ಚಿತೆ ಆರಿಲ್ಲ, ಇವಳಿಗೆ ಶೃಂಗಾರ ಬೇಕಂತೆ. ನಲ್ಲಿಯ ಹತ್ತಿರ ಅದೇ ಮಾತು, ಗಿರಣಿಯ ಹತ್ತಿರ ಅದೇ ಮಾತು. ಧಾಪು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಳು, ಸುಳ್ಳು ಯಾಕೆ. ಒಂದೊಂದು ಮಾತೂ ನಾಟಿತು. ಬಳೆ ಮಾತ್ರ ಒಡೆಯಲಿಲ್ಲ.

ಹನ್ನೆರಡನೇ ದಿನ ತವರಿನವರು ವಿಧವೆಗೆ ಮಾಸಲು ಬಣ್ಣದ ಓಢಣಿ ತಂದು ಹೊದಿಸಬೇಕು. ಧಾಪುವಿಗೆ ತವರು ಅಂತ ಇದ್ದವನು ಒಬ್ಬನೇ. ತಮ್ಮ ಸುಗನಾ. ಹೊಸ ರುಮಾಲು ಸುತ್ತಿಕೊಂಡು ಬಂದ. ಅಂಗಳದ ತುಂಬ ಜನ ಕೂತಿದ್ದರು. ಓಢಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ನಿಂತ.

“ಜೀಜಿ, ತಲೆ ಬಗ್ಸು.”

ಧಾಪು ತಲೆ ಎತ್ತಿದಳು. “ಇದು ಯಾರ ಹೆಂಡ್ತಿಗೆ ತಂದಿದ್ದು?”

“ಇದೆಂಥ ಮಾತು ಜೀಜಿ?”

“ರಸ್ತೇಲಿ ಸತ್ತವನ ಹೆಂಡ್ತಿಗೆ ತಾನೆ? ಹಾಗಾದ್ರೆ ರಸ್ತೇಲೇ ಹಾಕು ಹೋಗು. ಯಾವಳಾದ್ರೂ ಹೊದ್ಕೊಂಡು ಹೋಗ್ಲಿ.”

ಸುಗನಾ ಸುತ್ತ ನೋಡಿದ. ನಕ್ಕುಬಿಡೋಣ ಅನ್ನಿಸಿರಬೇಕು, ಆದರೆ ನಗು ಬರಲಿಲ್ಲ. ಓಢಣಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. “ಇವಳಿಗೆ ತಲೆ ಕೆಟ್ಟಿದೆ,” ಅಂತ ಹಿರಿಯರಿಗೆ ಹೇಳಿ ಹೊರಟುಹೋದ.

ಧಾಪು ಅಂದರೆ ಅವರ ಮಾತಿನಲ್ಲಿ ‘ಸಾಕು’ ಎಂದರ್ಥ. ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ರೋಸಿಹೋಗಿ ಇಟ್ಟ ಹೆಸರು. ಹೆಸರು ಫಲಿಸಿತು. ಐದನೆಯದು ಗಂಡಾಯಿತು. ಆ ಗಂಡು ಕೂಸನ್ನು ಹೆತ್ತು ಆರು ತಿಂಗಳಿಗೆ ತಾಯಿ ಸತ್ತಳು. ಎಂಟು ವರ್ಷದ ಧಾಪು ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡು ಗಣಿಯ ಮೇಲೆ ಕಲ್ಲುಚೂರು ಹೊತ್ತಳು. ಬೆನ್ನಿಗೆ ಬುಟ್ಟಿ, ಸೊಂಟಕ್ಕೆ ಸುಗನಾ. ಮದುವೆಯಾಗಿ ಬಂದ ಮೇಲೆ ಗಂಡನಿಗೆ ಹೇಳಿ ಅವನನ್ನೂ ಇಲ್ಲಿಗೇ ಕರೆಸಿಕೊಂಡಳು. ಪೋಕರ್ ಭಾಮೈದನಿಗೆ ಎಲ್ಲ ಕಲಿಸಿದ. ಬಂಡೆಗೆ ಎಲ್ಲಿ ತೂತು ಹಾಕಬೇಕು, ಬೆಣೆ ಎಷ್ಟು ಬಡಿಯಬೇಕು, ಎರಡು ತೂತಿನ ಮೂಲಕ ವಜ್ರದ ಮಣಿ ಪೋಣಿಸಿದ ತಂತಿ ಹಾಯಿಸಿ, ನೀರು ಬಿಡುತ್ತ ಬಂಡೆಯನ್ನು ಬೆಣ್ಣೆಯ ಹಾಗೆ ಹೇಗೆ ಸೀಳಬೇಕು. ಕಲಿತ ಸುಗನಾ ಮೇಸ್ತ್ರಿಯಾದ. ಕಲಿಸಿದ ಪೋಕರ್ ತಂತಿಯ ಹತ್ತಿರವೇ ಉಳಿದ. ಅದಕ್ಕೆ ಯಾರಿಗೂ ಬೇಜಾರಿರಲಿಲ್ಲ. ಮನೆಯವನೇ ಮೇಸ್ತ್ರಿಯಾದರೆ ನಮಗೇ ಒಳ್ಳೆಯದಲ್ಲವೇ ಅಂತ ಧಾಪು ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಕೊಡಲಿ ಕಾವು ಕುಲಕ್ಕೆ ಮೂಲ ಅನ್ನುವುದು ಅವಳಿಗೆ ಆಗ ಎಲ್ಲಿ ಹೊಳೆಯಬೇಕು?

ಧಾಪುವಿನ ಕೆಲಸ ನೀರು. ಗಣಿಯಿಂದ ಕಲ್ಲು ಮೇಲೆ ಬಂದ ಮೇಲೆ ಅದರ ಮೈ ನೋಡಬೇಕು. ಗಂಡಸರು ಸುತ್ತಿಗೆಯಿಂದ ಬಡಿದು ದನಿ ಕೇಳುತ್ತಾರೆ. ಗಂಟೆಯ ಹಾಗೆ ಅಂದರೆ ಗಟ್ಟಿ, ಮಡಕೆಯ ಹಾಗೆ ಅಂದರೆ ಒಳಗೆ ಬಿರುಕು. ಆದರೆ ಕೂದಲೆಳೆಯ ಬಿರುಕು ಸುತ್ತಿಗೆಗೆ ಸಿಗುವುದಿಲ್ಲ, ನೀರಿಗೆ ಸಿಗುತ್ತದೆ. ಕಲ್ಲಿನ ಮೈ ತುಂಬ ನೀರು ಸುರಿದು ಸುಮ್ಮನೆ ಕಾಯಬೇಕು. ಬಿಸಿಲಿಗೆ ಮೈಯೆಲ್ಲ ಆರಿ ಬೆಳ್ಳಗಾಗುತ್ತದೆ. ಬಿರುಕಿದ್ದಲ್ಲಿ ನೀರು ಒಳಗಿಳಿದಿರುತ್ತದೆ, ಆ ಜಾಗ ಕೊನೆಗೆ ಆರುತ್ತದೆ. ಎಲ್ಲ ಒಣಗಿದ ಮೇಲೂ ಒಂದು ಕಪ್ಪು ಗೆರೆ ಉಳಿದರೆ ಆ ಕಲ್ಲು ಸುಳ್ಳು ಹೇಳುತ್ತಿದೆ ಅಂತ ಲೆಕ್ಕ. ನೆಲಕ್ಕೆ ಹಾಸುವ ಕಲ್ಲಾದರೆ ಅಂಟು, ಹುಡಿ ತುಂಬಿಸಿ, ಉಜ್ಜಿ, ಹೊಳಪು ಕೊಟ್ಟು ಮಾರುತ್ತಾರೆ. ದೇವರ ಮೂರ್ತಿಗೆ ಅದು ನಡೆಯುವುದಿಲ್ಲ. ಕೊಡ ಹಿಡಿದ ಹೆಂಗಸರು ಹತ್ತು ಜನ ಇದ್ದರು. ಆ ಗೆರೆಯನ್ನು ಎಲ್ಲರಿಗಿಂತ ಮೊದಲು ನೋಡುತ್ತಿದ್ದವಳು ಧಾಪು. ‘ನೀರಿನ ಬಾಯಿ’ ಅಂತ ಅವಳ ಹೆಸರು ಜೈಪುರದ ಮೂರ್ತಿಕಾರರ ಬೀದಿಯ ತನಕ ಹೋಗಿತ್ತು.

ಸತ್ತ ದಿನ ಬೆಳಿಗ್ಗೆ ಪೋಕರ್ ರೊಟ್ಟಿ ಮುರಿಯುತ್ತ ಹೇಳಿದ್ದ. “ತಂತಿ ಸವೆದುಹೋಗಿದೆ. ಮೂರು ಕಡೆ ಗಂಟು ಹಾಕಿದ್ದಾರೆ. ಬದಲಾಯ್ಸು ಅಂದ್ರೆ ನಿನ್ನ ತಮ್ಮ ಕೇಳ್ತಾ ಇಲ್ಲ.”

“ಗದರಿಸಿ ಹೇಳ್ಬೇಕು ನೀವು. ನಿಮಗಿಂತ ದೊಡ್ಡವನಾ ಅವ್ನು?”

“ಇದೊಂದು ಕಲ್ಲು ಬಿಡ್ಸಿ ಭಾವ, ಇದೊಂದೇ ಅಂತಾನೆ. ದೊಡ್ಡ ದೇವಸ್ಥಾನಕ್ಕೆ ಹೋಗೋ ಕಲ್ಲಂತೆ. ಐದು ವರ್ಷದಿಂದ ಹುಡುಕ್ತಾ ಇದ್ರಂತೆ.”

ಇನ್ನೂರೈವತ್ತು ಅಡಿ ಕೆಳಗೆ, ಹಾಲಿನಂಥ ಕಲ್ಲಿನ ಮುಂದೆ, ಆ ತಂತಿ ತುಂಡಾಯಿತು. ಓಡುವ ತಂತಿ ತುಂಡಾದರೆ ಅದರ ಮಣಿಗಳು ಗುಂಡಿನ ಹಾಗೆ ಹಾರುತ್ತವೆ. ಅಡ್ಡ ಇರಬೇಕಾಗಿದ್ದ ತಗಡು ಇರಲಿಲ್ಲ. ಧಾಪು ಏಣಿಯಲ್ಲಿ ನೀರಿನ ಕೊಡ ಹೊತ್ತು ಇಳಿಯುತ್ತಿದ್ದಳು. ಕೊನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದರೆ ಪೋಕರ್ ಹೊಸದಾಗಿ ಸೀಳಿದ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದ. ದಣಿದು ಕೂತವನ ಹಾಗೆ. ಮಣಿ ಎದೆ ತೂರಿ ಬೆನ್ನಿನಿಂದ ಹೊರಬಿದ್ದಿತ್ತು. ಬೆನ್ನ ಹಿಂದಿನ ಬಿಳಿ ಕಲ್ಲು ಕೆಂಪನ್ನು ಹೀರುತ್ತಿತ್ತು.

ಧಾಪು ಓಡಿ ಹೋಗಿ ತಲೆ ಹಿಡಿದಳು. ಬಾಯಿಗೆ ನೀರು ಬಿಟ್ಟಳು. ನೀರು ಒಳಗೆ ಹೋಗಲಿಲ್ಲ, ತುಟಿಯ ಅಂಚಿನಿಂದ ಇಳಿದು ಬಂತು. ಮತ್ತೆ ಬಿಟ್ಟಳು, ಮತ್ತೆ ಇಳಿದು ಬಂತು. ಅಷ್ಟು ಸಾಕು. ನೀರು ಓದುವವಳಿಗೆ ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

“ಉಸಿರಿದೆ! ಉಸಿರಿದೆ! ಎತ್ತಿ!” ಎಂದು ಕೂಗಿದವನು ಸುಗನಾ. ಪೋಕರನನ್ನು ಕಲ್ಲುಚೂರು ಎತ್ತುವ ಕಬ್ಬಿಣದ ತೊಟ್ಟಿಯಲ್ಲಿ ಹಾಕಿ ಕ್ರೇನಿನಲ್ಲಿ ಮೇಲೆ ಎಳೆದರು. ಧಾಪು ಏಣಿ ಹತ್ತಿ ಮೇಲೆ ಬರುವಷ್ಟರಲ್ಲಿ ಜೀಪು ಹೋಗಿತ್ತು. ಸಂಜೆ ಸುದ್ದಿ ಬಂತು. ಪೋಕರ್ ಕುಡಿದಿದ್ದನಂತೆ. ಟ್ರ್ಯಾಕ್ಟರಿನಿಂದ ಬಿದ್ದನಂತೆ. ಮೈಲಿಗಲ್ಲಿನ ತಿರುವಿನಲ್ಲಿ ಸತ್ತನಂತೆ. ಕುಲದೇವರು ಬಾಬಾ ರಾಮದೇವನ ಹರಕೆ ಹೊತ್ತ ಮೇಲೆ ಹನ್ನೊಂದು ವರ್ಷದಿಂದ ಹನಿ ಮುಟ್ಟದ ಮನುಷ್ಯ! ಠಾಣೆಯ ಕಾಗದಕ್ಕೆ ಮನೆಯವರ ಪರವಾಗಿ ಸಹಿ ಹಾಕಿದವನು ಸುಗನಾ.

ಧಾಪು ಠಾಣೆಗೆ ಹೋದಳು. ಮೂರು ತಾಸು ಹೊರಗೆ ಬಿಸಿಲಿನಲ್ಲಿ ಕೂರಿಸಿ ಒಳಗೆ ಕರೆದರು.

“ನಿನ್ನ ಸ್ವಂತ ತಮ್ಮನೇ ಬರೆದುಕೊಟ್ಟಿದ್ದಾನಲ್ಲ. ಅವನಿಗಿಂತ ಜಾಸ್ತಿ ಗೊತ್ತಾ ನಿನಗೆ?”

“ಸಾಹೇಬ್ರೇ, ತಲೆ ನನ್ನ ಕೈಯಲ್ಲಿತ್ತು.”

“ಬೇರೆ ಯಾರು ನೋಡಿದ್ರು? ಕರ್ಕೊಂಡು ಬಾ.”

ನೋಡಿದವರು ನಲವತ್ತು ಜನ. ಬಂದವರು ಯಾರೂ ಇಲ್ಲ. ಬರ್ಜಿ ಕೂಡ ಬರಲಿಲ್ಲ. ಇಪ್ಪತ್ತು ವರ್ಷ ಧಾಪುವಿನ ಜೊತೆ ಒಂದೇ ಬುತ್ತಿಯಲ್ಲಿ ಉಂಡವಳು. “ಗಣಿ ಮುಚ್ಚಿದ್ರೆ ಎಲ್ಲಿಗೆ ಹೋಗ್ಲೇ? ನನ್ನ ಮನೆಯವ್ರಿಗೂ ಕೆಮ್ಮು ಶುರುವಾಗಿದೆ,” ಅಂತ ಬಾಗಿಲ ಸಂದಿಯಿಂದ ಹೇಳಿ ಬಾಗಿಲು ಹಾಕಿಕೊಂಡಳು.

ಇದೆಲ್ಲ ಯಾಕೆ ಅಂದರೆ, ಆ ಕಲ್ಲಿಗಾಗಿ. ಹೆಣ ಬಿದ್ದ ಕಲ್ಲು ಗರ್ಭಗುಡಿಗೆ ಹೋಗುವುದಿಲ್ಲ. ಸಾವಿನ ಸೂತಕ ಅಂಟಿದರೆ ಹಾಲಿನಂಥ ಕಲ್ಲೂ ಕಾಸಿಗೆ ಬಾರದು. ಆದ್ದರಿಂದ ಪೋಕರ್ ಅಲ್ಲಿ ಸಾಯುವ ಹಾಗಿರಲಿಲ್ಲ. ಅವನ ಸಾವನ್ನು ಎತ್ತಿಕೊಂಡು ಹೋಗಿ ರಸ್ತೆಗೆ ಹಾಕಿ ಬಂದರು.

ಸುಗನಾನಿಗೆ ಸಿಕ್ಕಿದ್ದೇನು? ಕುರ್ಚಿ. ನಗಬೇಡಿ. ಗಣಿಯ ಒಡೆಯ ಸೇಠನ ಕಚೇರಿಯ ಜಗಲಿಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ನಾಲ್ಕಿವೆ. ನಲವತ್ತು ವರ್ಷದಲ್ಲಿ ಮೇಘವಾಲನೊಬ್ಬ ಅದರ ಮೇಲೆ ಕೂತಿದ್ದನ್ನು ಯಾರೂ ನೋಡಿರಲಿಲ್ಲ. ಮೇಸ್ತ್ರಿಯಾದರೂ ಸುಗನಾ ಮೆಟ್ಟಿಲ ಕೆಳಗೆ ಕುಕ್ಕರಗಾಲಿನಲ್ಲಿ ಕೂತೇ ಮಾತಾಡಬೇಕಾಗಿತ್ತು. ಪೋಕರ್ ಸತ್ತ ಮೂರನೇ ದಿನ ಸೇಠ್ ಕೈ ತೋರಿಸಿ, “ಕೂತ್ಕೋ ಸುಗನ್‌ಜೀ,” ಅಂದ. ಸುಗನಾ ಕೂತ. ಆ ಕಡೆ ಹೋಗುವ ಹೆಂಗಸರೆಲ್ಲ ನೋಡಿದರು. ಧಾಪುವೂ ನೋಡಿದಳು. ಹಿಂಭಾಗವನ್ನು ಅಂಚಿಗೆ ಮಾತ್ರ ತಾಗಿಸಿ, ಕೈ ಎರಡೂ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ನನ್ನ ಗಂಡನನ್ನು ಇವನು ಅಷ್ಟಕ್ಕೆ ಮಾರಿದ, ಅಂದುಕೊಂಡಳು. ಪೂರ್ತಿ ಕುರ್ಚಿಯೂ ಅಲ್ಲ, ಬರೀ ಅಂಚು.

ಹದಿನೈದನೇ ದಿನಕ್ಕೆ ಮನೆಯಲ್ಲಿ ಸಜ್ಜೆ ಹಿಟ್ಟು ಮುಗಿಯಿತು. ಧಾಪು ಕೊಡ ಹಿಡಿದು ಕೆಲಸಕ್ಕೆ ಹೋದಳು. ಸೇಠ್ ತಡೆಯಲಿಲ್ಲ. ಬಳೆ ತೊಟ್ಟು ಬಂದ ವಿಧವೆಯ ಕಡೆ ನೋಡಿ ಉಗಿದನಷ್ಟೇ.

ಕಲ್ಲು ಆಗಲೇ ಮೇಲೆ ಬಂದಿತ್ತು. ಹನ್ನೆರಡಡಿ ಉದ್ದ, ಎದೆಮಟ್ಟ ಎತ್ತರ. ಗಣಿಯ ಬಾಯಿಯಲ್ಲಿ, ಹಳ್ಳಿಗೆ ಹೋಗುವ ಗಾಡಿದಾರಿಯ ಪಕ್ಕ, ಮರದ ದಿಮ್ಮಿಗಳ ಮೇಲೆ ಮಲಗಿತ್ತು. ನಾಲ್ಕೂ ಬದಿ ಚೌಕಾಕಾರಕ್ಕೆ ಕೆತ್ತಿದ್ದರು. ಕೆಳಗೆ ಪೋಕರ್ ಒರಗಿದ್ದ ಮುಖ ಈಗ ಮೇಲಾಗಿತ್ತು. ಕಲೆ ಇರಲಿಲ್ಲ. ರಾತ್ರೋರಾತ್ರಿ ತೊಳೆದಿದ್ದರು. ಧಾಪು ದೂರದಿಂದಲೇ ನೋಡಿದಳು. ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಇಲ್ಲೂ ಇಲ್ಲವಾ ಹಾಗಾದರೆ? ನನ್ನ ಗಂಡ ಎಲ್ಲಿ ಸತ್ರು?

ಎರಡು ದಿನ ಬಿಟ್ಟು ಬೆಳಿಗ್ಗೆ ಸುಗನಾ ಮನೆಗೆ ಬಂದ. ಕಂಕುಳಲ್ಲಿ ಅದೇ ಓಢಣಿ. ಜಗಲಿಯ ಕಂಬಕ್ಕೆ ಒರಗಿ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ.

“ಇವತ್ತು ಜೈಪುರದ ಮೂರ್ತಿಕಾರರು ಬರ್ತಿದ್ದಾರೆ. ದೇವಸ್ಥಾನದವರೂ ಬರ್ತಾರೆ. ನೀರು ಹಾಕ್ಸಿ ನೋಡ್ತಾರಂತೆ. ನೀನೇ ಹಾಕ್ಬೇಕಂತೆ, ನಿನ್ನ ಹೆಸ್ರು ಹೇಳಿ ಕಳಿಸಿದ್ದಾರೆ.”

“ಅದಕ್ಕೆ?”

“ಬಳೆ ತೆಗ್ದು ಇದನ್ನ ಹೊದ್ಕೊಂಡು ಬಾ. ನೀರು ಹಾಕು, ಕಲ್ಲು ಶುದ್ಧ ಅನ್ನು. ಒಂದು ಮಾತು ಜೀಜಿ, ಒಂದೇ ಮಾತು. ಸೇಠ್ ನಿನ್ನ ಜೀವಮಾನ ಪೂರ್ತಿ ನೋಡ್ಕೋತಾರೆ.”

ಧಾಪು ಒಲೆಯ ಮುಂದಿನಿಂದ ಏಳಲಿಲ್ಲ. “ಸುಗನಾ, ನೀನು ಚಿಕ್ಕವನಿದ್ದಾಗ ನನ್ನ ಸೊಂಟದ ಮೇಲೆ ಉಚ್ಚೆ ಹೊಯ್ತಿದ್ದೆ. ಬಿಸಿಲಿಗೆ ಅದೇ ತಂಪು ಅಂತ ನಾನು ಸುಮ್ನಿರ್ತಿದ್ದೆ. ಈಗಲೂ ಹೊಯ್ತಿದ್ದೀಯಲ್ಲೋ.”

“ಭಾವ ಹೋಗಿ ಆಯ್ತು. ಎಲ್ಲಿ ಹೋದ್ರೆ ಏನು? ವಾಪಸ್ ಬರ್ತಾರಾ?”

“ಎಲ್ಲಾದ್ರೂ ಆಗೋ ಹಾಗಿದ್ರೆ ಇದ್ದ ಜಾಗದಲ್ಲೇ ಬಿಡ್ಬೇಕಾಗಿತ್ತು. ಎತ್ಕೊಂಡು ಹೋಗಿದ್ದು ಯಾಕೆ?”

ಸುಗನಾ ಓಢಣಿಯನ್ನು ಹಗ್ಗದ ಮಂಚದ ಮೇಲಿಟ್ಟ. “ನಲವತ್ತು ಮನೆ ಅನ್ನ ನಿನ್ನ ಬಾಯಲ್ಲಿದೆ, ನೆನಪಿರ್ಲಿ,” ಅಂದು ಮೆಟ್ಟಿಲಿಳಿದ.

“ಬರ್ತೀನಿ ಅಂತ ಹೇಳು,” ಅಂದಳು ಧಾಪು.

ಓಢಣಿ ಮಂಚದ ಮೇಲೆಯೇ ಇತ್ತು. ಅವಳು ಹಳೆಯ ಕೆಂಪು ಓಢಣಿಯನ್ನೇ ಹೊದ್ದು, ತೋಳಿನ ತನಕ ಬಳೆ ತೊಟ್ಟು, ಹಿತ್ತಾಳೆ ಕೊಡ ತಲೆಯ ಮೇಲಿಟ್ಟುಕೊಂಡು ಹೋದಳು.

ಅಲ್ಲಿ ಶಾಮಿಯಾನ ಹಾಕಿದ್ದರು. ಕಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ಗಂಗಾಜಲ ಪ್ರೋಕ್ಷಿಸಿ ಆಗಿತ್ತು. ದೇವಸ್ಥಾನದವರು ಐದು ಜನ. ಜೈಪುರದ ಮೂರ್ತಿಕಾರ ಗೋವರ್ಧನಜೀ ಮುದುಕ, ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಜಗಲಿಯ ಕೆಂಪು ಕುರ್ಚಿಗಳನ್ನು ತಂದು ಅತಿಥಿಗಳಿಗೆ ಹಾಕಿದ್ದರು. ಸುಗನಾ ಶಾಮಿಯಾನದ ಹೊರಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅಕ್ಕನ ಕೈಯ ಬಳೆ ನೋಡಿ ಅವನ ಮುಖ ಬೆಳ್ಳಗಾಯಿತು.

ಸೇಠ್ ಅಡ್ಡ ಬಂದ. “ದೂರದಿಂದ ನೀರು ಹಾಕು. ಕಲ್ಲು ಶುದ್ಧಿಯಾಗಿದೆ, ಕೈ ತಾಗಿಸ್ಬೇಡ. ತಿಳೀತಾ?”

ಬಗೆದು, ಸೀಳಿ, ಹೊತ್ತು ತಂದದ್ದು ಇದೇ ಕೈಗಳು. ಈಗ ತಾಗಿದರೆ ಮೈಲಿಗೆ. ಧಾಪು ಕಲ್ಲುಚೂರಿನ ಗುಪ್ಪೆಯ ಮೇಲೆ ನಿಂತು ಸುರಿದಳು. ಬರ್ಜಿ ಕೊಡದ ಮೇಲೆ ಕೊಡ ಎತ್ತಿಕೊಟ್ಟಳು. ತಲೆಯಿಂದ ಕಾಲಿನ ತನಕ ಕಲ್ಲು ಒದ್ದೆಯಾಯಿತು. ಗೋವರ್ಧನಜೀ ನಾಲ್ಕು ಕಡೆ ಬಡಿದು ಕಿವಿ ಕೊಟ್ಟ. ಗಂಟೆಯ ದನಿ. ತಲೆದೂಗಿದ. ದೇವಸ್ಥಾನದವರು ಕೈ ಮುಗಿದರು.

ಆಮೇಲೆ ಕಾಯುವುದು. ಬಿಸಿಲು ಚುರುಕಾಗಿತ್ತು. ಸೇಠ್ ಮಜ್ಜಿಗೆ ಕೊಡಿಸಿದ. ಕಲ್ಲು ಅಂಚಿನಿಂದ ಆರತೊಡಗಿತು. ಆರಿದಲ್ಲಿ ಕಣ್ಣು ಕೋರೈಸುವ ಬಿಳಿ. ಗೆರೆ ಇಲ್ಲ. ಬಿರುಕಿಲ್ಲ. ನಡುಭಾಗ ಇನ್ನೂ ಒದ್ದೆ. ಕಾದಳು. ಸುತ್ತ ಎಲ್ಲ ಆರಿತು, ನಡುವೆ ಒಂದು ಜಾಗ ಮಾತ್ರ ಆರಲಿಲ್ಲ. ಮೊಳದಗಲ, ಎರಡು ಮೊಳ ಉದ್ದ. ಮೇಲೆ ಅಗಲ, ಕೆಳಗೆ ಸಣ್ಣ. ಕೂತವನ ಬೆನ್ನಿನಷ್ಟು.

ಅವಳಿಗೆ ಆಗ ಅರ್ಥವಾಯಿತು. ರಕ್ತ ತೆಗೆಯಲು ಆಸಿಡ್ ಸುರಿದು ಉಜ್ಜಿದ್ದಾರೆ. ಆಸಿಡ್ ತಿಂದ ಕಲ್ಲಿನ ಮೈ ಒರಟಾಗುತ್ತದೆ, ಬೇರೆ ಕಡೆಗಿಂತ ಹೆಚ್ಚು ನೀರು ಕುಡಿಯುತ್ತದೆ, ಕೊನೆಗೆ ಆರುತ್ತದೆ. ಕಲೆ ಹೋಗಿದೆ. ಅಳಿಸಿದ್ದು ಉಳಿದಿದೆ. ಅಯ್ಯೋ, ಇಲ್ಲೇ ಇದ್ದೀರಲ್ಲ ನೀವು, ಅಂದುಕೊಂಡಳು.

ಗೋವರ್ಧನಜೀಯೂ ನೋಡಿದ. ಮುದುಕನ ಕಣ್ಣು ಮೋಸ ಹೋಗಲಿಲ್ಲ. “ಇಲ್ಲಿ ಆಸಿಡ್ ಬಿದ್ದಿದೆ.”

“ಕ್ರೇನಿನ ಗ್ರೀಸ್ ಬಿದ್ದಿತ್ತು ಮಹಾರಾಜ್, ಹುಡುಗ್ರು ತೊಳೆದಿದ್ದಾರೆ,” ಅಂದ ಸೇಠ್.

“ಗ್ರೀಸಿಗೆ ಆಸಿಡ್ ಯಾರು ಹಾಕ್ತಾರೆ? ಸೀಮೆಎಣ್ಣೆ ಹಾಕ್ತಾರೆ.” ಮುದುಕ ದನಿ ತಗ್ಗಿಸಿದ. “ಈ ಗಣಿಯಲ್ಲಿ ಒಂದು ಸಾವು ಆಯ್ತಂತೆ?”

“ಗಣಿಯಲ್ಲಲ್ಲ! ರಸ್ತೆಯಲ್ಲಿ. ಕುಡಿದು ಬಿದ್ದ ನನ್ಮಗ. ಬೇಕಾದ್ರೆ ಸತ್ತವನ ಭಾಮೈದನನ್ನೇ ಕೇಳಿ. ಏ ಸುಗನಾ, ಬಾರೋ ಇಲ್ಲಿ!”

‘ಸುಗನ್‌ಜೀ’ ಅಂದವನು ಈಗ ‘ಬಾರೋ’ ಅಂದ. ಸುಗನಾ ಎದ್ದು ಬಂದ.

“ಕಲ್ಲಿನ ಮೇಲೆ ಕೈ ಇಟ್ಟು ಹೇಳು. ನಿನ್ನ ಭಾವ ಎಲ್ಲಿ ಸತ್ತ?”

ದೇವಸ್ಥಾನದವನೊಬ್ಬ, “ಅವನ ಕೈ ಬೇಡ,” ಅಂದ.

“ಆಮೇಲೆ ಮತ್ತೆ ಶುದ್ಧಿ ಮಾಡೋಣ ಬಿಡಿ. ಇಡೋ ಕೈ,” ಅಂದ ಸೇಠ್.

ನಲವತ್ತು ಗಂಡಸರು, ಹತ್ತು ಹೆಂಗಸರು ನಿಂತಿದ್ದರು. ಧಾಪು ತಮ್ಮನನ್ನೇ ನೋಡಿದಳು. ಒಂದು ಕ್ಷಣ ಅವನೂ ನೋಡಿದ. ಅವಳು ಇನ್ನೂ ಆಸೆ ಬಿಟ್ಟಿರಲಿಲ್ಲ. ಎಂಥ ಹುಚ್ಚಿ! ಸೊಂಟದ ಮೇಲೆ ಹೊತ್ತ ಕೂಸಲ್ಲವೇ, ಎಲ್ಲರೆದುರು ಹೇಳಲಾರ, ನಾಲಿಗೆ ಹೊರಳದು, ಅಂತ ನಂಬಿಕೊಂಡು ನಿಂತಿದ್ದಳು.

ಸುಗನಾ ಕೈ ಇಟ್ಟ. ಒದ್ದೆ ಜಾಗದ ಮೇಲೆಯೇ ಇಟ್ಟ.

“ರಸ್ತೇಲಿ ಸತ್ರು,” ಅಂದ. “ಕುಡ್ದಿದ್ರು.”

ಧಾಪು ಗುಪ್ಪೆಯಿಂದ ಇಳಿದಳು. ಓಡಲಿಲ್ಲ. ಸೇಠ್, “ಏ, ಏ,” ಅನ್ನುವುದರೊಳಗೆ ಕಲ್ಲಿನ ಹತ್ತಿರ ಬಂದಿದ್ದಳು. ತಮ್ಮನ ಕೈಯನ್ನು ಮಣಿಕಟ್ಟು ಹಿಡಿದು ಎತ್ತಿ ಪಕ್ಕಕ್ಕೆ ಹಾಕಿದಳು, ಮುಸುರೆ ಪಾತ್ರೆ ಸರಿಸುವ ಹಾಗೆ. ಆಮೇಲೆ ಬಲಗೈ ಎತ್ತಿ ಆ ಒದ್ದೆ ಜಾಗಕ್ಕೆ ಬಡಿದಳು. ಬಳೆ ಚೂರಾಗಿ ಹಾರಿದವು. ಮತ್ತೆ ಬಡಿದಳು. ಎಡಗೈ ಬಡಿದಳು. ಮುರಿದ ಬಳೆಗಳ ಅಂಚು ತೋಳು ಸೀಳಿತು. ಮಣಿಕಟ್ಟಿನಿಂದ ತೋಳಿನ ತನಕ ಒಂದೂ ಉಳಿಯದಂತಾಗುವ ತನಕ ಬಿಡಲಿಲ್ಲ. ಬಿಳಿ ಚೂರು, ಬಿಳಿ ಕಲ್ಲು, ನಡುವೆ ಅವಳ ರಕ್ತ.

ಹದಿನೇಳು ದಿನ ಬಾರದ ಅಳು ಆಗ ಬಂತು. “ಇಲ್ಲಿ ಸತ್ರು ನನ್ನ ಗಂಡ! ಪೋಕರ್ ಇಲ್ಲಿ ಸತ್ರು! ಈ ಕಲ್ಲಿಗೆ ಒರಗಿ ಸತ್ರು! ನೀರು ಬಿಟ್ಟೆ, ಕುಡೀಲಿಲ್ಲ! ಕುಡೀಲಿಲ್ಲ!”

ಬರ್ಜಿ ಕೈಯಿಂದ ಕೊಡ ಬಿತ್ತು. ಅವಳು ಓಢಣಿ ಮುಖಕ್ಕೆ ಎಳೆದುಕೊಂಡು ಗೋಳಿಡತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು. ಹತ್ತೂ ಹೆಂಗಸರು ಕಲ್ಲಿನ ಸುತ್ತ ಕೂತು, ಕೇರಿಯಲ್ಲಿ ಹೆಣದ ಮುಂದೆ ಹಾಡಿ ಅಳುವ ಹಾಗೆ, ಪೋಕರನ ಹೆಸರು ಹಿಡಿದು ಅತ್ತರು. ಗಂಡಸರು ರುಮಾಲು ತೆಗೆದರು. ರಸ್ತೆಯಲ್ಲಿ ಸತ್ತವನಿಗೆ ಗಣಿಯಲ್ಲಿ ಯಾರು ಹಾಗೆ ಅಳುತ್ತಾರೆ?

ದೇವಸ್ಥಾನದವರು ಕುರ್ಚಿ ಬಿಟ್ಟು ಎದ್ದು ಹತ್ತು ಹೆಜ್ಜೆ ಹಿಂದೆ ಹೋದರು. ಗೋವರ್ಧನಜೀ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

“ಈ ಕಲ್ಲು ಆಗೋದಿಲ್ಲ,” ಅಂದ.

ಸೇಠ್ ಕಾರಿನ ತನಕ ಹಿಂದೆ ಓಡಿದ. ಅವರು ಕಾರಿನ ಬಾಗಿಲಲ್ಲಿ ನಿಂತು ಕಾಲು ತೊಳೆದುಕೊಂಡರು, ತಲೆಗೆ ನೀರು ಚಿಮುಕಿಸಿಕೊಂಡರು, ಹೋದರು. ಒಳ್ಳೆಯದಾಯಿತು ಅನ್ನಬೇಡಿ. ಅವರು ಬಿಟ್ಟುಹೋದದ್ದು ಒಬ್ಬ ಮನುಷ್ಯ ಸತ್ತ ಅಂತ ಅಲ್ಲ, ಕಲ್ಲು ಕೆಟ್ಟಿತು ಅಂತ. ಕಲ್ಲಿನ ಬಗ್ಗೆ ಅಷ್ಟು ಕೇಳಿದವರು ತಂತಿ ಯಾಕೆ ತುಂಡಾಯಿತು ಅಂತ ಕೇಳಲಿಲ್ಲ.

ಸೇಠ್ ವಾಪಸ್ಸು ಬಂದವನೇ ಸುಗನಾನ ಕೆನ್ನೆಗೆ ಬಾರಿಸಿದ. ರುಮಾಲು ಉದುರಿತು. ಸುಗನಾ ರುಮಾಲು ಎತ್ತಿಕೊಳ್ಳಲಿಲ್ಲ. ಅಕ್ಕನ ಹತ್ತಿರ ಬಂದು, ಹಲ್ಲು ಕಚ್ಚಿ ಹೇಳಿದ, “ತೃಪ್ತಿ ಆಯ್ತಾ? ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆ. ನನ್ನ ಕಾಲ ಮೇಲೂ ಹಾಕ್ದೆ.”

ಧಾಪು ತೋಳಿನ ರಕ್ತವನ್ನು ಓಢಣಿಯಿಂದ ಒರೆಸಿಕೊಳ್ಳುತ್ತಿದ್ದಳು. “ಮನೇಲಿ ಮಂಚದ ಮೇಲೆ ಒಂದು ಬಟ್ಟೆ ಬಿಟ್ಟಿದ್ದೀಯ. ತಗೊಂಡು ಹೋಗು. ಇವತ್ತು ನಾನು ಗಂಡನನ್ನ ಮಾತ್ರ ಕಳ್ಕೊಳ್ಳಲಿಲ್ಲ ಸುಗನಾ. ನಿನಗೂ ಸೇರಿಸಿ ಬಳೆ ಒಡೆದೆ.”

ಆವತ್ತೇ ಅವಳ ಕೆಲಸ ಹೋಯಿತು. ಈಗ ಹುಡಿಗುಡ್ಡದ ಮೇಲೆ ಕಲ್ಲುಚೂರು ಆರಿಸುತ್ತಾಳೆ. ಠಾಣೆಯ ಕಾಗದದಲ್ಲಿ ಪೋಕರ್ ಇವತ್ತಿಗೂ ಕುಡಿದು ರಸ್ತೆಯಲ್ಲೇ ಸಾಯುತ್ತಾನೆ. ಸೇಠ್ ಆ ಕಲ್ಲನ್ನು ಹಲಗೆ ಕೊಯ್ಯಲು ಕಾರ್ಖಾನೆಗೆ ಸಾಗಿಸಲು ನೋಡಿದ. ಕ್ರೇನಿನವರು ಹಗ್ಗ ಕಟ್ಟಲಿಲ್ಲ. “ನೀವೇ ಕಟ್ಟಿ ಸೇಠ್‌ಜೀ,” ಅಂದರು. ಠಾಣೆಗೆ ಬಾರದ ನಲವತ್ತು ಜನ ಅಷ್ಟನ್ನಾದರೂ ಮಾಡಿದರು. ಹೆದರಿಕೆ ಎಷ್ಟು, ನಾಚಿಕೆ ಎಷ್ಟು, ಅವರಿಗೇ ಗೊತ್ತು. ಕಲ್ಲು ಗಾಡಿದಾರಿಯ ಪಕ್ಕ ಹಾಗೆಯೇ ಬಿದ್ದಿದೆ.

ಧಾಪು ದಿನಾ ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ಒಂದು ಕೊಡ ನೀರು ಸುರಿಯುತ್ತಾಳೆ. ನಿಂತು ನೋಡುತ್ತಾಳೆ. ಎಲ್ಲ ಆರುತ್ತದೆ, ನಡುವೆ ಗಂಡನ ಬೆನ್ನು ಉಳಿಯುತ್ತದೆ. ಅದೂ ಆರಿದ ಮೇಲೆ ಕೆಲಸಕ್ಕೆ ಹೋಗುತ್ತಾಳೆ. ಮೊದಮೊದಲು ಅವಳೊಬ್ಬಳೇ. ಆಮೇಲೆ ಬರ್ಜಿ ತನ್ನ ಕುಡಿಯುವ ನೀರಿನಲ್ಲಿ ಒಂದು ಬೊಗಸೆ ಹಾಕಿ ಹೋದಳು. ಈಗ ಹೋಗುವ ಹೆಂಗಸರೆಲ್ಲ ಹಾಕುತ್ತಾರೆ. ಸುಗನಾ ಮಾತ್ರ ಆ ದಾರಿ ಬಿಟ್ಟು, ಕಲ್ಲಿನ ಕೆಸರಿನ ಹೊಂಡದ ಅಂಚಿನಲ್ಲಿ ಮೊಣಕಾಲುದ್ದ ಕೆಸರು ತುಳಿದುಕೊಂಡು ಬರುತ್ತಾನೆ.

ಮೊನ್ನೆ ಹರಿಯಾಣದ ಕಡೆಯ ಹೊಸ ಲಾರಿ ಡ್ರೈವರ್ ಬಂದ. ಕೆಟ್ಟು ನಿಂತ ಲಾರಿ ತೋರಿಸಲು ಸುಗನಾನನ್ನು ಎಳೆದುಕೊಂಡು ಅದೇ ದಾರಿಯಲ್ಲಿ ಕರೆತಂದ. ಒದ್ದೆ ಕಲ್ಲು ನೋಡಿದ, ಸುತ್ತ ಹೆಂಗಸರ ಕೊಡಗಳನ್ನು ನೋಡಿದ, ಚಪ್ಪಲಿ ಬಿಟ್ಟ, ಕೈ ಮುಗಿದ.

“ಮೇಸ್ತ್ರೀಜೀ, ಇದ್ಯಾವ ದೇವ್ರು?”

ಧಾಪು ಖಾಲಿ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ತಮ್ಮ ಏನು ಹೇಳುತ್ತಾನೆ ಅಂತ ಕಾದಳು. ಸುಗನಾ ಕಲ್ಲು ನೋಡಿದ. ನಡುವಿನ ಆ ಜಾಗ ಇನ್ನೂ ಆರಿರಲಿಲ್ಲ. ಗಂಟಲು ಸರಿಮಾಡಿಕೊಂಡ.

“ದೇವ್ರೂ ಇಲ್ಲ, ಎಂಥದೂ ಇಲ್ಲ. ನಡಿ, ಗಾಡಿ ತೋರ್ಸು,” ಅಂದ.

ಡ್ರೈವರ್ ಗೊಂದಲದಲ್ಲಿ ಧಾಪುವಿನ ಮುಖ ನೋಡಿದ.

“ದೇವ್ರಲ್ಲಪ್ಪ,” ಅಂದಳು ಅವಳು. “ಚಪ್ಪಲಿ ಹಾಕ್ಕೋ. ಪೋಕರ್ ಅಂತ, ತಂತಿ ಎಳೆಯೋರು. ಇಲ್ಲಿ ಸತ್ರು. ಇವನಿಗೆ ಕೆಲಸ ಕಲಿಸಿದವ್ರು.”